ಡಾಕ್ಟರು ಕಾರಿಗೆ ಹಾಕಿದ ಹೊಲಿಗೆ

ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಗಂಡ ಮನೆಯ ಗೋಡೆಗೆ ಒಂದು ಮೊಳೆ ಹೊಡೆದದ್ದನ್ನು ನಾನು ನೋಡಿರಲಿಲ್ಲ. ಅವರು ಸರ್ಜನ್. ಜರ್ಮನಿಯ ಕಲೋನಿನ ಒಂದು ಆಸ್ಪತ್ರೆಯಲ್ಲಿ ಅರ್ಧ ಆಯುಷ್ಯ ಜನರ ಹೊಟ್ಟೆ ಕೊಯ್ದು ಹೊಲಿದವರು. ಹಾಗಾಗಿ ಅವರ ಕೈಗಳಿಗೆ ನಮ್ಮ ಮನೆಯಲ್ಲಿ ದೇವರ ಪೀಠಕ್ಕಿಂತ ಒಂದು ಮೆಟ್ಟಿಲು ಮೇಲಿನ ಸ್ಥಾನ. ಹಲಸಿನ ಹಣ್ಣು ಬಿಡಿಸಿ ಕೊಡಿ ಎಂದರೆ "ಕೈ" ಎನ್ನುತ್ತಿದ್ದರು. ತೆಂಗಿನಕಾಯಿ ಹೆರೆದು ಕೊಡಿ ಎಂದರೂ "ಕೈ". ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಕಪಾಟುಗಳನ್ನೆಲ್ಲ ಜೋಡಿಸಿದವಳು ನಾನು. ಅವರು ಪಕ್ಕದ ಸೋಫಾದಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಎಡಗಡೆಯ ಹಲಗೆ ತಲೆಕೆಳಗಾಗಿದೆ ಎಂದು ಹೇಳುವುದಷ್ಟೇ. ಹೇಳಲು ಕೈ ಬೇಡವಲ್ಲ.

ಆ ಕೈ ಒಂದು ವರ್ಷ ನಡುಗತೊಡಗಿತು. ಮೊದಲು ಕಂಡದ್ದು ಕಾಫಿ ಲೋಟದಲ್ಲಿ. ಲೋಟ ತುಟಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಕುಣಿಯುತ್ತಿತ್ತು. ನಿದ್ದೆ ಸಾಲದು ಎಂದರು, ಚಳಿ ಎಂದರು, ನನ್ನ ಕಾಫಿ ಸ್ಟ್ರಾಂಗ್ ಆಯಿತು ಎಂದೂ ಹೇಳಿ ನೋಡಿದರು. ಕೊನೆಗೆ ನರಗಳ ಡಾಕ್ಟರು ಪರೀಕ್ಷೆ ಮಾಡಿ, ಪ್ರಾಣಕ್ಕೇನೂ ತೊಂದರೆಯಿಲ್ಲ, ಕಾರು ಓಡಿಸಬಹುದು, ಬೇಕಾದಲ್ಲಿಗೆ ಹೋಗಬಹುದು, ಆಪರೇಷನ್ ಮಾತ್ರ ಇನ್ನು ಬೇಡ ಎಂದರು. ನಿವೃತ್ತಿಗೆ ಇನ್ನೂ ಸಮಯವಿದ್ದ ಮನುಷ್ಯ ಒಂದು ದಿನ ಆಸ್ಪತ್ರೆಯ ಕಪಾಟಿನ ಕೀಲಿಕೈ ಕೊಟ್ಟು ಮನೆಗೆ ಬಂದು ಕೂತರು.

ಮನೆಯಲ್ಲಿ ಕೂತ ಸರ್ಜನ್ ಎಂದರೆ ಏನು ಎಂದು ಕೂರಿಸಿಕೊಂಡವರಿಗೇ ಗೊತ್ತು. ಫ್ರಿಜ್ಜಿನ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ನಾನು ಸೌತೆಕಾಯಿ ಹೆಚ್ಚುವ ಕ್ರಮದಲ್ಲಿ ತಪ್ಪು ಕಂಡುಹಿಡಿದರು. ಹೀಗಿರುವಾಗ ಒಂದು ಬೆಳಿಗ್ಗೆ ದೋಸೆ ತಿನ್ನುತ್ತಾ ಹೇಳಿದರು:

"ನಾನೊಂದು ಕಾರು ಕಟ್ತೇನೆ."

"ಎಂತ?"

"ಕಾರು. ಬಿಡಿಬಿಡಿಯಾಗಿ ಕೊಡ್ತಾರೆ. ಜೋಡಿಸುವುದು ನಾವು."

"ನಾವು ಅಂದ್ರೆ ಯಾರೆಲ್ಲ?"

"ನಾನು."

"ನೀವಾ? ಬಾತ್‌ರೂಮಿನ ಪರದೆ ಕಳಚಿ ಬಿದ್ದು ಎಷ್ಟು ತಿಂಗಳಾಯ್ತು ಮಾರಾಯ್ರೆ?"

ಅವರು ದೋಸೆ ಮಗುಚಿ ನೋಡಿದರು, ಉತ್ತರ ಅದರ ಅಡಿಯಲ್ಲಿ ಇದ್ದ ಹಾಗೆ. ಬೇರೆ ಊರಿನಲ್ಲಿರುವ ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳು "ಅಮ್ಮಾ, ಈಸ್ ಹಿ ಓಕೆ?" ಎಂದು ಕೇಳಿದಳು.

ಕಲೋನಿನಿಂದ ಐಫೆಲ್ ಗುಡ್ಡಗಳ ಕಡೆಗೆ ಹೋಗುವಾಗ ಒಂದು ಹಳ್ಳಿಯಲ್ಲಿ ಆ ಕಾರ್ಖಾನೆ ಇದೆ. ಕಾರ್ಖಾನೆ ಎನ್ನುವುದು ಮರ್ಯಾದೆಗೆ ಹೇಳಿದ ಮಾತು. ಹಿಂದೆ ಹಸುಗಳಿದ್ದ ಉದ್ದನೆಯ ಕೊಟ್ಟಿಗೆ, ಈಗ ಅದರಲ್ಲಿ ಕಾರುಗಳು. ಎರಡೇ ಸೀಟಿನ, ಮೇಲೆ ಸೂರಿಲ್ಲದ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ ಹಳೇ ಕಾಲದ ಮಾದರಿಯವು. ಚಾಸಿಸ್, ಇಂಜಿನ್, ಬ್ರೇಕ್, ಚಕ್ರ ಎಲ್ಲ ಅವರೇ ಕೂರಿಸುತ್ತಾರೆ. ಪ್ರಾಣಕ್ಕೆ ಸಂಬಂಧಪಟ್ಟದ್ದನ್ನು ಗಿರಾಕಿಯ ಕೈಗೆ ಬಿಡುವ ಧೈರ್ಯ ಈ ದೇಶದಲ್ಲಿ ಯಾರಿಗೂ ಇಲ್ಲ. ಉಳಿದದ್ದು ಗಿರಾಕಿಗೆ. ಯಾವ ಬಣ್ಣ, ಯಾವ ಸೀಟು, ಡ್ಯಾಶ್‌ಬೋರ್ಡು ಯಾವ ಮರದ್ದು, ದೀಪ ಎಲ್ಲಿ, ವೈರು ಹೇಗೆ, ಒಳಗಿನ ಹೊದಿಕೆ ಯಾವುದು ಎಲ್ಲವನ್ನೂ ನಾವೇ ಆರಿಸಿ ನಾವೇ ಮಾಡಿಕೊಳ್ಳಬೇಕು. ಮನೆಯಲ್ಲಿ ಗ್ಯಾರೇಜಿಲ್ಲದ ನಮ್ಮಂಥವರಿಗೆ ಕೊಟ್ಟಿಗೆಯಲ್ಲೇ ಒಂದೊಂದು ಅಂಕಣ ಬಿಟ್ಟುಕೊಡುತ್ತಾರೆ. ಶನಿವಾರ ಶನಿವಾರ ಹೋಗಿ ಕೆಲಸ ಮಾಡುವುದು. ಎಲ್ಲ ಮುಗಿದ ಮೇಲೆ, ವಾಹನಗಳನ್ನು ಪರೀಕ್ಷಿಸುವ ಟ್ಯೂಫ್‌ನ ಇಂಜಿನಿಯರು ಬಂದು, ಮೂಲೆ ಮೂಲೆ ತಡಕಿ ಸರಿ ಎಂದರೆ ಕಾರು ರಸ್ತೆಗೆ ಇಳಿಯಬಹುದು.

ಆ ಕೊಟ್ಟಿಗೆಯ ಯಜಮಾನರನ್ನು ನಾವು ಮನೆಯಲ್ಲಿ ಮೇಸ್ತ್ರಿ ಎಂದೇ ಕರೆಯುವುದು. ತೆಂಗಿನ ಮರದ ಎತ್ತರ, ಕಡಿಮೆ ಮಾತು, ಎರಡೂ ಕೈ ಯಾವಾಗಲೂ ಮೇಲಂಗಿಯ ಜೇಬಿನಲ್ಲಿ. ಅದು ಅವರ ನಿಯಮವಂತೆ. ಗಿರಾಕಿ ತನ್ನ ಕಾರಿನ ಮೇಲೆ ಕೆಲಸ ಮಾಡುವಾಗ ಅಲ್ಲಿನವರ ಕೈ ಜೇಬಿನಲ್ಲಿರಬೇಕು. ಗಿರಾಕಿ ಎಷ್ಟೇ ಸೊಟ್ಟಗೆ ಮಾಡಲಿ, ಬೆವರಲಿ, ಸ್ಕ್ರೂವಿಗೆ ಬಯ್ಯಲಿ, ಕೇಳದೆ ಯಾರೂ ಮುಟ್ಟುವಂತಿಲ್ಲ. ಒಂದು ಸಲ ಕೇಳಿದರೆ "ನೀವೇ ಪ್ರಯತ್ನಿಸಿ" ಎನ್ನುತ್ತಾರೆ. ಎರಡನೆಯ ಸಲಕ್ಕೂ ಅದೇ. ಮೂರನೆಯ ಸಲ ಕೇಳಿದರೆ ಮಾತ್ರ ಕೈ ಹೊರಗೆ ಬರುತ್ತದೆ.

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಉಡುಪಿ ಕಡೆ ಊಟಕ್ಕೆ ಕೂತವರು ಬೇಡ ಬೇಡ ಎನ್ನುತ್ತಾ ಮೂರನೆಯ ಸಲದ ಒತ್ತಾಯಕ್ಕೆ ಪಾಯಸ ಹಾಕಿಸಿಕೊಳ್ಳುತ್ತಾರೆ. ಇಲ್ಲಿ ಬಡಿಸುವವರೇ ಎರಡು ಸಲ ಬೇಡ ಎನ್ನುತ್ತಾರೆ. ಈ ಎರಡು ಕ್ರಮಗಳ ನಡುವೆ ನನ್ನ ಗಂಡ ಸಿಕ್ಕಿಕೊಂಡರು. ಅವರು ಮೊದಲ ಸಲವೇ ಕೇಳುವವರಲ್ಲ, ಮೂರು ಸಲ ಎಲ್ಲಿಂದ ಬರಬೇಕು?

ಆದರೆ ಮೇಸ್ತ್ರಿಯ ನಿಯಮದ ಅರ್ಥ ನನಗೆ ಗೊತ್ತಿತ್ತು. ನಾನು ಕೆಲಸ ಮಾಡುವುದು ಕಿಂಡರ್‌ಗಾರ್ಟನಿನಲ್ಲಿ. ಸೇರಿದ ಹೊಸತರಲ್ಲಿ ಮಕ್ಕಳು ಅಂಗಳಕ್ಕೆ ಹೊರಟಾಗ ಒಂದೊಂದು ಮಗುವಿನ ಜಾಕೆಟ್ಟಿನ ಜಿಪ್ ಎಳೆದು, ಟೊಪ್ಪಿ ಹಾಕಿ, ಶೂ ತೊಡಿಸಿ ಕಳಿಸುತ್ತಿದ್ದೆ. ನಮ್ಮಲ್ಲಿ ಮಗುವಿಗೆ ಪ್ರೀತಿ ತೋರಿಸುವುದೆಂದರೆ ಅದೇ ಅಲ್ಲವೇ? ನಮ್ಮ ಮುಖ್ಯಸ್ಥೆ ನನ್ನನ್ನು ಬದಿಗೆ ಕರೆದು, ನೀವು ಆ ಮಕ್ಕಳ ಕೆಲಸ ಕದಿಯುತ್ತಿದ್ದೀರಿ ಎಂದರು. ಕದಿಯುವುದು ಎಂಬ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತ್ತು. ಆಮೇಲೆ ಒಂದು ಮಗು ತಾನೇ ಜಿಪ್ ಎಳೆದುಕೊಂಡು ನನ್ನ ಕಡೆ ತಿರುಗಿ ನೋಡಿದ ದಿನ ಆ ಸಿಟ್ಟು ಇಳಿಯಿತು.

ಮೊದಲ ಶನಿವಾರ ನಮ್ಮ ಡಾಕ್ಟರು ಕಾರಿನ ಹತ್ತಿರ ಹೋದ ಚಂದ ನೋಡಬೇಕಿತ್ತು. ಗ್ರೀಸು ಮುಟ್ಟುವ ಮೊದಲು ಮೊಣಕೈಯವರೆಗೆ ಸೋಪು ಹಚ್ಚಿ ಕೈ ತೊಳೆದರು. ಗ್ರೀಸು ಮುಟ್ಟಿದ ಮೇಲೆ ಕೈ ತೊಳೆಯುವವರನ್ನು ಆ ಕೊಟ್ಟಿಗೆ ಬೇಕಾದಷ್ಟು ಕಂಡಿತ್ತು, ಮೊದಲೇ ತೊಳೆದವರು ಇವರೊಬ್ಬರೇ. ಟೇಬಲ್ಲಿನ ಮೇಲೆ ನೀಲಿ ಬಟ್ಟೆ ಹಾಸಿ ಸ್ಪ್ಯಾನರುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟರು. ಆಮೇಲೆ ಕಾರಿನೊಳಗೆ ಬಗ್ಗಿ, ಕಣ್ಣೆತ್ತದೆ, ಅಂಗೈ ಮಾತ್ರ ಹಿಂದಕ್ಕೆ ಚಾಚಿ "ಹತ್ತು" ಎಂದರು. ಯಾರೂ ಕೊಡಲಿಲ್ಲ. ಮೇಸ್ತ್ರಿ ಜೇಬಿನಲ್ಲಿ ಕೈಯಿಟ್ಟು ಆ ಅಂಗೈಯನ್ನೇ ನೋಡುತ್ತಿದ್ದರು. ಕೊನೆಗೆ ನಾನೇ ಹೋಗಿ ಹತ್ತನೇ ನಂಬರಿನ ಸ್ಪ್ಯಾನರನ್ನು ಅದರ ಮೇಲೆ ಇಟ್ಟೆ. ಅಲ್ಲಿಂದ ಮುಂದೆ ನನ್ನ ಶನಿವಾರಗಳೂ ಹೋದವು.

ಅಲ್ಲಿನ ಬೇರೆ ಗಿರಾಕಿಗಳೂ ಕಮ್ಮಿಯವರಲ್ಲ. ಪಕ್ಕದ ಅಂಕಣದ ಒಬ್ಬ ನಿವೃತ್ತ ಶಿಕ್ಷಕರು ಇಡೀ ವಸಂತವನ್ನು ಕಾರಿಗೆ ಯಾವ ಹಳದಿ ಎಂದು ಯೋಚಿಸುವುದರಲ್ಲೇ ಕಳೆದರು. ಬಾಗಿಲಿಗೆ ಸಣ್ಣ ಸಣ್ಣ ಹಳದಿ ಚೌಕಗಳನ್ನು ಬಳಿದು, ಮೋಡವಿದ್ದಾಗ ಒಂದು ಸಲ, ಬಿಸಿಲಿದ್ದಾಗ ಒಂದು ಸಲ ಬಂದು ನೋಡುತ್ತಿದ್ದರು. ಸೀರೆ ಅಂಗಡಿಯಲ್ಲಿ ನಾನು ಮಾಡುವುದೂ ಅದೇ ಆದ್ದರಿಂದ ಅವರ ಮೇಲೆ ನನಗೆ ಗೌರವ. ನಮ್ಮವರಿಗೆ ಯೋಚನೆಯೇ ಬೇಕಾಗಲಿಲ್ಲ. ಬಣ್ಣದ ಪಟ್ಟಿ ತೆರೆದ ಕೂಡಲೇ ಒಂದು ಹಸಿರಿಗೆ ಬೆರಳಿಟ್ಟರು. ಆಪರೇಷನ್ ಥಿಯೇಟರಿನಲ್ಲಿ ಹಾಕುವ ನಿಲುವಂಗಿಯ ಹಸಿರು. ಇಷ್ಟೊಂದು ಬಣ್ಣಗಳ ನಡುವೆ ಅದೊಂದೇ ಅವರ ಕಣ್ಣಿಗೆ ಬಿತ್ತು. ಡ್ಯಾಶ್‌ಬೋರ್ಡಿನ ನಡುಮಧ್ಯೆ ಹಿತ್ತಾಳೆಯ ಗಣಪತಿಯನ್ನು ಕೂರಿಸಬೇಕು ಎಂದೂ ಹೊರಟರು. ಡಿಕ್ಕಿಯಾದರೆ ಸೊಂಡಿಲು ಹಣೆಗೆ ಚುಚ್ಚುತ್ತದೆ, ಟ್ಯೂಫ್‌ನವರು ಬಿಡುವುದಿಲ್ಲ ಎಂದು ಮೇಸ್ತ್ರಿ ಹೇಳಿದ ಮೇಲೆ ಗಣಪತಿ ಡ್ಯಾಶ್‌ಬೋರ್ಡಿನ ಖಾನೆಯೊಳಗೆ, ಕಾಗದಪತ್ರಗಳ ಜೊತೆ ಕೂತ.

ಇಷ್ಟೆಲ್ಲ ತಮಾಷೆಯ ನಡುವೆ ಒಂದು ವಿಷಯ ಮಾತ್ರ ತಮಾಷೆಯದ್ದಾಗಿರಲಿಲ್ಲ. ಸ್ಟಿಯರಿಂಗ್. ಲೆದರ್ ಹೊದಿಸಿ ಮಿಷನ್ನಿನಲ್ಲಿ ಹೊಲಿದ ಸ್ಟಿಯರಿಂಗ್ ಅಲ್ಲೇ ಸಿಗುತ್ತಿತ್ತು. ಇವರು ಹೊದಿಕೆಯಿಲ್ಲದ ಸ್ಟಿಯರಿಂಗ್ ಚಕ್ರವನ್ನೂ ಒಂದು ತುಂಡು ಕಪ್ಪು ಲೆದರನ್ನೂ ಮೇಣ ಸವರಿದ ದಾರವನ್ನೂ ಕೇಳಿ ತಂದರು. ಎರಡು ಸೂಜಿ ಹಿಡಿದು, ಲೆದರಿನ ಎರಡು ಅಂಚನ್ನು ಎದುರುಬದುರು ಎಳೆದು, ಚಕ್ರದ ಒಳಸುತ್ತಿನ ಉದ್ದಕ್ಕೂ ಹೊಲಿಯಬೇಕು. ಅಂದಾಜಿಗೆ ಬಿಟ್ಟರೆ ಲೆದರ್ ಸುಕ್ಕಾಗುತ್ತದೆ, ಒಂದು ಹೊಲಿಗೆ ಸಡಿಲವಾದರೆ ಮುಂದಿನದು ಕೂರುವುದಿಲ್ಲ. ಇದ್ದ ಕೆಲಸಗಳಲ್ಲೆಲ್ಲ ನಡುಗುವ ಕೈಗೆ ಆಗದ ಕೆಲಸ ಯಾವುದೋ ಅದನ್ನೇ ಹುಡುಕಿ ಆರಿಸಿದ್ದರು.

"ಸಿದ್ಧ ಇರುವುದನ್ನೇ ತಕ್ಕೊಳ್ಳಬಹುದಿತ್ತಲ್ಲ?" ಎಂದೆ.

"ಒಂದು ಹೊಲಿಗೆಯನ್ನಾದ್ರೂ ಸುರುವಿನಿಂದ ಕೊನೆವರೆಗೆ ನಾನೇ ಹಾಕ್ಬೇಕು ಮಾರಾಯ್ತಿ," ಎಂದರು. "ಈ ಕೈಯಲ್ಲಿ ಆಗ್ತದೋ ಇಲ್ವೋ, ನನಗೆ ಗೊತ್ತಾಗ್ಬೇಕು. ಕಾರು ಎಲ್ಲ ಆಮೇಲೆ."

ಆಸ್ಪತ್ರೆಯಿಂದ ಬಂದ ಮೇಲೆ ಕೈಯ ಬಗ್ಗೆ ಅವರು ಆಡಿದ ಮೊದಲ ನೇರ ಮಾತು ಅದು. ಅಂದಿನಿಂದ ಆ ಸ್ಟಿಯರಿಂಗಿನ ಬಗ್ಗೆ ನಾನು ತಮಾಷೆ ಮಾಡಿಲ್ಲ. ಬೇರೆಲ್ಲದರ ಬಗ್ಗೆ ಮಾಡಿದ್ದೇನೆ.

ಬೇಸಿಗೆಯ ಹೊತ್ತಿಗೆ ಹತ್ತಿರದ ಊರು ಡ್ಯೂಸೆಲ್ಡಾರ್ಫಿನ ಇಬ್ಬರು ಹುಡುಗರು ನಮ್ಮ ಕಥೆಯೊಳಗೆ ಬಂದರು. ಕನ್ನಡದವರು ಸೇರುವ ಒಂದು ಊಟದಲ್ಲಿ ಪರಿಚಯ. ಇಬ್ಬರೂ ಐಟಿ, ಇಬ್ಬರೂ ಮೈಸೂರು ಕಡೆಯವರು, ಒಬ್ಬ ಇನ್ನೊಬ್ಬನಿಗೆ ಗುರು, ಇನ್ನೊಬ್ಬ ಇವನಿಗೆ ಮಗಾ. ಡಾಕ್ಟರು ಕಾರು ಕಟ್ಟುತ್ತಿದ್ದಾರೆ ಎಂದು ಕೇಳಿದ್ದೇ ತಡ, ಮುಂದಿನ ಶನಿವಾರ ಪುಳಿಯೋಗರೆಯ ಡಬ್ಬಿ ಸಮೇತ ಕೊಟ್ಟಿಗೆಯ ಬಾಗಿಲಲ್ಲಿ ಹಾಜರು.

"ಅಂಕಲ್, ನೀವ್ ಸುಮ್ನೆ ಕೂತ್ಕೊಳಿ," ಎಂದು ಒಬ್ಬ ಎಲ್ಲಿಂದಲೋ ಕುರ್ಚಿ ತಂದ. "ನಾವ್ ಇರೋದ್ ಯಾಕೆ? ಗುರು, ಆ ಸ್ಪ್ಯಾನರ್ ಕೊಡು."

"ಯಾವ್ದೋ ಮಗಾ?"

"ಯಾವ್ದೋ ಒಂದ್ ಕೊಡು, ನೋಡೋಣ."

ಸಾಲಾಗಿದ್ದ ಸ್ಪ್ಯಾನರುಗಳು ಚೆಲ್ಲಾಪಿಲ್ಲಿಯಾದವು. ಮಧ್ಯಾಹ್ನದೊಳಗೆ ಎರಡೂ ಬಾಗಿಲಿನ ಒಳಹೊದಿಕೆ ಕೂತಿತ್ತು. ಸುಳ್ಳು ಹೇಳಬಾರದು, ಕೆಲಸ ಚೆನ್ನಾಗಿಯೇ ಇತ್ತು. ಮುಂದಿನ ವಾರ ದೀಪಗಳು. ಅದರ ಮುಂದಿನ ವಾರ ಸೀಟುಗಳು. ನಮ್ಮ ಡಾಕ್ಟರು ಮದುವೆ ಮನೆಯಲ್ಲಿ ಮದುಮಗಳ ಅಜ್ಜನನ್ನು ಕೂರಿಸಿದ ಹಾಗೆ ಕುರ್ಚಿಯಲ್ಲಿ ಕೂತು, ಅವರು ಕೊಟ್ಟ ಚಹಾ ಕುಡಿಯುತ್ತಾ, "ಚಂದ ಆಗ್ತಾ ಉಂಟು" ಎನ್ನುತ್ತಿದ್ದರು. ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಸಹಾಯಕ್ಕೆ ಬಂದವರನ್ನು ಬರಬೇಡಿ ಎನ್ನುವುದನ್ನು ನಮಗೆ ಯಾರೂ ಕಲಿಸಿಲ್ಲ. ಆ ಹುಡುಗರಿಗೂ, ಹಿರಿಯರೊಬ್ಬರು ನೆಲದಲ್ಲಿ ಮಲಗಿ ಸ್ಕ್ರೂ ತಿರುಗಿಸುವಾಗ ಕೈಕಟ್ಟಿ ನಿಲ್ಲುವುದನ್ನು ಯಾರೂ ಕಲಿಸಿರಲಿಲ್ಲ. ತಪ್ಪು ಯಾರದೂ ಅಲ್ಲ. ಮೇಸ್ತ್ರಿ ಒಮ್ಮೆ ನನ್ನ ಹತ್ತಿರ ಬಂದು, "ಈ ಕಾರು ಯಾರದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಸ್ಟಿಯರಿಂಗ್ ಒಂದು ಮಾತ್ರ ಹುಡುಗರ ಕೈಗೆ ಸಿಗಲಿಲ್ಲ. ಅದನ್ನು ಡಾಕ್ಟರು ಮನೆಯಲ್ಲೇ ಇಟ್ಟುಕೊಂಡಿದ್ದರು. ಬೆಳಗಿನ ಹೊತ್ತು ಕೈ ಸ್ವಲ್ಪ ಹಿಡಿತದಲ್ಲಿರುತ್ತದೆಂದು ಕಾಫಿಯಾದ ಕೂಡಲೇ ಕಿಟಕಿಯ ಪಕ್ಕ ಕೂತು ಹೊಲಿಯುತ್ತಿದ್ದರು. ಕೆಲವು ದಿನ ಬೆರಳುದ್ದ ಸಾಗುತ್ತಿತ್ತು, ಕೆಲವು ದಿನ ಹಾಕಿದ್ದನ್ನೂ ಬಿಚ್ಚುತ್ತಿದ್ದರು. ಕೊಟ್ಟಿಗೆಯಲ್ಲಿ ಕಾರನ್ನು ಅತ್ತಿತ್ತ ತಳ್ಳಲು ಮೇಸ್ತ್ರಿ ಒಂದು ಹಳೆಯ ಸ್ಟಿಯರಿಂಗ್ ಸಿಕ್ಕಿಸಿ ಕೊಟ್ಟಿದ್ದರು. ಹುಡುಗರು ಅದನ್ನು ನೋಡಿ ನೋಡಿ, "ಅಂಕಲ್, ಸ್ಟಿಯರಿಂಗ್ ಯಾವಾಗ?" ಎಂದು ಕೇಳುತ್ತಿದ್ದರು. ಆಗ್ತದೆ, ಆಗ್ತದೆ ಎಂದು ಇವರು ಮಾತು ತಪ್ಪಿಸುತ್ತಿದ್ದರು. ಚಕ್ರದ ಅರ್ಧ ಭಾಗ ಮುಗಿಯುವಾಗ ನವರಾತ್ರಿ ಬಂತು.

ಆಯುಧಪೂಜೆಗೆ ಕಾರಿಗೆ ಪೂಜೆಯಾಗಲೇಬೇಕು ಎಂದು ಹುಡುಗರು ಹಠ ಹಿಡಿದರು. ಪೇಂಟು, ತಿನ್ನರು ಇರುವ ಕೊಟ್ಟಿಗೆಯೊಳಗೆ ಕರ್ಪೂರ ಹಚ್ಚಲು ಮೇಸ್ತ್ರಿ ಬಿಡಲಿಲ್ಲ. ಹಾಗಾಗಿ ಹುಡುಗರು ಬೆಳಿಗ್ಗೆಯೇ ಬಂದು ಕಾರನ್ನು ಅಂಗಳಕ್ಕೆ ತಳ್ಳಿ ನಿಲ್ಲಿಸಿದ್ದರು. ನಾವು ಹೋಗಿ ನೋಡಿದರೆ ಬಾನೆಟ್ಟಿಗೆ ಸೇವಂತಿಗೆ, ಚಕ್ರದಡಿಗೆ ನಿಂಬೆಹಣ್ಣು, ಒಳಗೆ ಸೀಟಿನ ಮುಂದೆ ಕೆಂಪು ರಿಬ್ಬನ್ ಕಟ್ಟಿದ ಹೊಚ್ಚ ಹೊಸ ಸ್ಟಿಯರಿಂಗ್. ಮಿಷನ್ನಿನ ಹೊಲಿಗೆ, ಒಂದು ದಾರ ಹೆಚ್ಚುಕಮ್ಮಿಯಿಲ್ಲ.

"ಸರ್‌ಪ್ರೈಸ್ ಅಂಕಲ್!" ಎಂದ ಒಬ್ಬ. "ನೀವೇ ಹೊಲಿಯೋಕೆ ಲೆದರ್ ತಗೊಂಡ್ ಹೋಗಿದೀರ ಅಂತ ಇಲ್ಲಿನವ್ರು ಹೇಳಿದ್ರು, ಕಷ್ಟ ಆಗ್ತಿರ್ಬೇಕು ಅನ್ಕೊಂಡ್ವಿ. ಇನ್ನು ತಲೆ ಕೆಡಿಸ್ಕೋಬೇಡಿ."

ನನ್ನ ಗಂಡ ಕಾರಿನ ಹತ್ತಿರ ಹೋಗಿ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಚಂದ ಆಯ್ತು. ಥ್ಯಾಂಕ್ಸ್ ಮಕ್ಕಳೇ," ಎಂದರು. ನಕ್ಕರು ಕೂಡ. ಆಮೇಲೆ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಪೂಜೆ ಮುಗಿಯುವವರೆಗೆ ನೆಲ ನೋಡುತ್ತಾ ನಿಂತರು. ಆ ನಿಲುವು ನೋಡಿದ್ದೇ ನನಗೆ ಗೊತ್ತಾಯಿತು, ಮನೆಯಲ್ಲಿರುವ ಅರ್ಧ ಹೊಲಿದ ಚಕ್ರಕ್ಕೆ ಇನ್ನು ಸೂಜಿ ಬೀಳುವುದಿಲ್ಲ. ಯಾರೂ ಬೈಯದೆ, ಯಾರೂ ಬೇಡ ಎನ್ನದೆ, ಅವರ ಕೈಯಿಂದ ಅದೊಂದು ಕೆಲಸವೂ ಹೋಯಿತು.

ನನಗೆ ಸಿಟ್ಟು ಬಂತು. ಹುಡುಗರ ಮೇಲೋ, ನಕ್ಕ ಗಂಡನ ಮೇಲೋ, ನನಗೇ ಸ್ಪಷ್ಟವಿಲ್ಲ. ಮಂಗಳಾರತಿ ಮುಗಿದು ಕಾಯಿ ಒಡೆದ ಕೂಡಲೇ ಮೇಸ್ತ್ರಿಯ ಹತ್ತಿರ ಹೋಗಿ ಅಲೆನ್ ಕೀ ಕೊಡಿ ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿದರು. ಮೊದಲ ಸಲಕ್ಕೇ ಕೊಟ್ಟರು. ಅಷ್ಟು ಶನಿವಾರ ನರ್ಸ್ ಕೆಲಸ ಮಾಡಿದ್ದು ಸುಮ್ಮನೆ ಹೋಗಲಿಲ್ಲ. ಸ್ಟಿಯರಿಂಗಿನ ನಡುವಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ರಿಬ್ಬನ್ ಸಮೇತ ಅದನ್ನು ತೆಗೆದು ಹುಡುಗರ ಕೈಗೆ ಕೊಟ್ಟೆ.

"ಆಂಟಿ, ಯಾಕೆ? ಚೆನ್ನಾಗಿಲ್ವಾ?"

"ಚಂದ ಉಂಟು. ನಿಮ್ಮ ಮನಸ್ಸೂ ಚಂದ ಉಂಟು. ಆದ್ರೆ ನಿಮ್ಮ ಅಂಕಲ್‌ಗೆ ಬೇಕಾದ್ದು ಕಾರಲ್ಲ ಮಕ್ಕಳೇ, ಹೊಲಿಗೆ. ಕೈ ನಡುಗ್ತದೆ ಅಂತ ಆಪರೇಷನ್ ಬಿಟ್ಟು ಬಂದವರು ಅವರು. ಈ ಒಂದನ್ನು ತಾನೇ ಹೊಲಿದು ಮುಗಿಸ್ಬೇಕು ಅಂತ ಆಸೆ. ಅದನ್ನೂ ನೀವೇ ಮಾಡಿಕೊಟ್ರೆ ಅವರಿಗೆ ಎಂತ ಉಳೀತದೆ?"

ನನ್ನ ಗಂಡ "ಏ, ನೀನೊಂದು!" ಎಂದರು. ಅಂಗಳದಲ್ಲಿ ಸ್ಟಿಯರಿಂಗಿಲ್ಲದ ಕಾರು, ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು. ಇಬ್ಬರೂ ಹುಡುಗರ ಮುಖ ಬಾಡಿದ್ದನ್ನು ನೋಡಿ ನನಗೆ ಪಾಪ ಎನಿಸಿತು. ಅವರಲ್ಲಿ ದೊಡ್ಡವನು ಮೆಲ್ಲಗೆ, "ಸಾರಿ ಅಂಕಲ್. ಹಾಗಾದ್ರೆ ನಾವಿನ್ನು ಬರೋದ್ ಬೇಡ್ವಾ?" ಎಂದು ಕೇಳಿದ.

"ಬನ್ನಿ ಬನ್ನಿ," ಎಂದರು ಡಾಕ್ಟರು ಗಡಿಬಿಡಿಯಿಂದ. "ಪುಳಿಯೋಗರೆ ತನ್ನಿ."

ಮುಂದಿನ ಶನಿವಾರದಿಂದ ಅರ್ಧ ಹೊಲಿದ ಚಕ್ರವನ್ನು ಡಾಕ್ಟರು ಕೊಟ್ಟಿಗೆಗೇ ತಂದರು. ಎಲ್ಲರಿಗೂ ಗೊತ್ತಾದ ಮೇಲೆ ಅಡಗಿಸುವುದೇನು ಎಂದರು. ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಚಕ್ರವನ್ನು ತೊಡೆಯ ಮೇಲೆ ಇಟ್ಟು, ಹೊಲಿಯತೊಡಗಿದರು. ಹುಡುಗರಿಬ್ಬರೂ ಮೇಸ್ತ್ರಿಯನ್ನು ನೋಡಿ ಕೈಗಳನ್ನು ಜೇಬಿಗೆ ಹಾಕಿದರು. ಆ ಕೈಗಳು ಪಟ್ಟ ಪಾಡು ಹೇಳತೀರದು. ಸೂಜಿ ತೂತು ತಪ್ಪಿದಾಗಲೆಲ್ಲ ಪ್ಯಾಂಟಿನೊಳಗೆ ಇಲಿ ಓಡಿದ ಹಾಗೆ ಅಲ್ಲಾಡುತ್ತಿದ್ದವು. ಒಬ್ಬ ತಡೆಯಲಾಗದೆ ಹೊರಗೆ ಹೋಗಿ ಒಂದು ಸುತ್ತು ನಡೆದು ಬರುತ್ತಿದ್ದ. ಹಳದಿ ಕಾರಿನ ಶಿಕ್ಷಕರಿಗೆ ಈ ದೃಶ್ಯ ಎಷ್ಟು ಹಿಡಿಸಿತೆಂದರೆ, ಅವರೂ ತಮ್ಮ ಕಾಫಿ ಹಿಡಿದು ಬಂದು ನಿಲ್ಲುತ್ತಿದ್ದರು. ಒಬ್ಬ ಮನುಷ್ಯ ಹೊಲಿಯುವುದು, ಉಳಿದವರೆಲ್ಲ ಏನೂ ಮಾಡದಿರಲು ಕಷ್ಟಪಡುವುದು, ಹೀಗೆ ನಮ್ಮ ಚಳಿಗಾಲ ಸಾಗಿತು.

ಹೊಲಿಗೆ ಹೇಗಿತ್ತೆಂದು ಹೇಳಬೇಕು. ಮೊದಲ ಭಾಗ ಸರಿಸುಮಾರಿಗೆ ನೇರ. ಆಮೇಲೆ ಅಲ್ಲಲ್ಲಿ ಇರುವೆ ದಾರಿ ತಪ್ಪಿದ ಹಾಗೆ ವಾಲುತ್ತಿತ್ತು. ತಿಂಗಳು ಕಳೆದಂತೆ ವಾಲುವುದು ಹೆಚ್ಚಾಯಿತು. ಕೈ ಮೊದಲಿಗಿಂತ ಜಾಸ್ತಿ ನಡುಗುತ್ತಿದೆ ಎಂದು ನನಗೂ ಕಾಣುತ್ತಿತ್ತು, ಅವರಿಗೂ ಗೊತ್ತಿತ್ತು. ಅಭ್ಯಾಸ ಮಾಡಿದಂತೆ ಕೈ ಪಳಗುತ್ತದೆ ಎಂಬ ಒಂದು ಆಸೆ ನನ್ನೊಳಗೆ ಇತ್ತು. ಹಾಗೇನೂ ಆಗಲಿಲ್ಲ.

ಟ್ಯೂಫ್‌ನವರು ಬರುವ ವಾರದ ಹಿಂದಿನ ಶನಿವಾರ. ಇನ್ನು ಒಂದು ಗೇಣಷ್ಟು ಉಳಿದಿತ್ತು. ಅಂದು ಬೆಳಗಿನಿಂದಲೇ ಕೈ ಹಿಡಿತಕ್ಕೆ ಸಿಗಲಿಲ್ಲ. ಸೂಜಿ ತೂತಿನ ಆಚೆ ಹೋಗಿ ಲೆದರಿಗೆ ಗೀರಿತು. ಮತ್ತೆ ಪ್ರಯತ್ನಿಸಿದರು, ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂತು. ನಾನು ಪ್ಲಾಸ್ಟರ್ ಸುತ್ತಿದೆ. ಮತ್ತೆ ಕೂತರು. ಅವರು ತುಂಬ ಹೊತ್ತು ತಮ್ಮ ಕೈಯನ್ನೇ ನೋಡಿದರು. ಆಮೇಲೆ ಎರಡೂ ಸೂಜಿಗಳನ್ನು ನನ್ನ ಕಡೆಗೆ ಚಾಚಿದರು.

"ತಕ್ಕೊ."

"ಬೇಡ. ನಾಳೆ ಮಾಡುವಾ. ನಾಳೆ ಕೈ ಸರಿ ಇರ್ತದೆ."

"ನಾಳೆ ಹೇಗಿರ್ತದೆ ಅಂತ ನನಗೆ ಗೊತ್ತುಂಟು. ತಕ್ಕೊ."

ಹೊಲಿಗೆಯಲ್ಲಿ ನಾನು ಗುಂಡಿ ಹಾಕುವುದರಿಂದ ಮುಂದೆ ಹೋದವಳಲ್ಲ. ಚಕ್ರವನ್ನು ನನ್ನ ತೊಡೆಗೆ ದಾಟಿಸಿ, ಅವರು ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತರು.

"ಎಡಗಡೆ ಸೂಜಿ ಮೊದಲು. ಓರೆಯಾಗಿ. ಅಷ್ಟು ಬಿಗಿ ಎಳೀಬೇಡ, ಅಂಚು ಹರೀತದೆ. ಅಂಚು ಅಂಚಿಗೆ ತಾಗಿದ್ರೆ ಸಾಕು. ಈಗ ಬಲಗಡೆ."

"ಹೀಗಾ?"

"ಹಾಂ. ಮುಂದಿಂದು."

ಸ್ವರ ಬೇರೆಯಾಗಿತ್ತು. ಫ್ರಿಜ್ಜಿನ ಡಬ್ಬಿಗಳಿಗಾಗಿ ನನ್ನ ಜೊತೆ ಜಗಳಾಡುವ ಸ್ವರವಲ್ಲ. ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರುಗಳಿಗೆ ಹೇಳಿಕೊಡುತ್ತಿದ್ದದ್ದು ಹೀಗೇ ಇರಬೇಕು. ಇಷ್ಟು ವರ್ಷ ಜೊತೆಗಿದ್ದೂ ನಾನು ಅದನ್ನು ಕೇಳಿರಲಿಲ್ಲ. ಒಂದೊಂದು ಹೊಲಿಗೆಯೂ ಕೂತ ಹಾಗೆ ನನ್ನ ಬೆರಳಿಗೆ ಧೈರ್ಯ ಬಂತು. ನಾಲ್ಕು ಬೆರಳಗಲ ಉಳಿದಿರುವಾಗ ಅವರು, ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ ಹೇಳಿದರು:

"ಆವತ್ತೂ ಹೀಗೇ ಸೂಜಿ ಕೊಟ್ಟು ಹೋದೆ."

"ಯಾವತ್ತು?"

"ಕೊನೇ ಆಪರೇಷನ್ ದಿನ. ಒಳಗಿನದ್ದೆಲ್ಲ ಸರಿಯಾಗಿತ್ತು. ಮೇಲಿನ ಚರ್ಮ ಹೊಲಿಯುವಾಗ ಕೈ ಕೇಳ್ಲಿಲ್ಲ. ಜೂನಿಯರ್ ಹತ್ರ ಸೂಜಿ ಕೊಟ್ಟೆ. ಕೈ ತೊಳೆದೆ, ಮನೆಗೆ ಬಂದೆ."

"ಮುಗಿಯುವವರೆಗೆ ನಿಲ್ಲಲಿಲ್ವಾ?"

"ಇಲ್ಲ. ಅವರಿಗೆಲ್ಲ ಮುಖ ತೋರಿಸ್ಲಿಕ್ಕೆ ಆಗ್ಲಿಲ್ಲ. ಕೊನೇ ಹೊಲಿಗೆ ಆದ ಮೇಲೆ ಇದ್ದವರಿಗೆಲ್ಲ ಒಬ್ಬೊಬ್ಬರಿಗೇ ಥ್ಯಾಂಕ್ಸ್ ಹೇಳುವುದು ನನ್ನ ಕ್ರಮ. ಒಂದು ದಿನವೂ ತಪ್ಪಿಸಿದವನಲ್ಲ. ಆವತ್ತು ಯಾರಿಗೂ ಹೇಳ್ಲಿಲ್ಲ."

ನನ್ನ ಕಣ್ಣು ಮಂಜಾಯಿತು. ತೂತು ಕಾಣದೆ ಸೂಜಿ ಹಿಡಿದು ಸುಮ್ಮನೆ ಕೂತೆ.

"ಗಾಯಕ್ಕೆ ಕಣ್ಣೀರು ಬೀಳ್ಬಾರ್ದು ಮಾರಾಯ್ತಿ," ಎಂದರು. "ಇನ್ಫೆಕ್ಷನ್ ಆಗ್ತದೆ."

ನಾನು ತೋಳಿನಿಂದ ಮುಖ ಒರೆಸಿಕೊಂಡು ಹೊಲಿದೆ. ಕೊನೆಯ ಗಂಟಿಗೆ ಎರಡು ಸುತ್ತು ಹಾಕಿಸಿದರು, ಅದರ ಮೇಲೆ ಇನ್ನೊಂದು. ಅಲ್ಲಿಗೆ ಮುಗಿಯಿತು. ನನ್ನ ಗಂಡ ಸ್ಟೂಲಿನಿಂದ ಎದ್ದು ನಿಂತು, ಅಂಗಿ ಸರಿಮಾಡಿಕೊಂಡರು. ಮೊದಲು ಮೇಸ್ತ್ರಿಯ ಕಡೆ ತಿರುಗಿ ಅವರ ಭಾಷೆಯಲ್ಲೇ ಥ್ಯಾಂಕ್ಸ್, "ಡಾಂಕೆ" ಎಂದರು. ಮೇಸ್ತ್ರಿ ತಲೆಯಾಡಿಸಿದರು. ಆಮೇಲೆ ಶಿಕ್ಷಕರಿಗೆ. ಆಮೇಲೆ ಹುಡುಗರಿಗೆ, ಇಬ್ಬರಿಗೂ ಬೇರೆಬೇರೆಯಾಗಿ.

"ಅಯ್ಯೋ ಅಂಕಲ್, ನಾವೇನೂ ಮಾಡ್ಲೇ ಇಲ್ವಲ್ಲ," ಎಂದ ಚಿಕ್ಕವನು.

"ಅದಕ್ಕೇ," ಎಂದರು.

ಕೊನೆಗೆ ನನ್ನ ಕಡೆ ತಿರುಗಿದರು. ಗಂಡ ಹೆಂಡತಿಗೆ ಥ್ಯಾಂಕ್ಸ್ ಹೇಳುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಅಷ್ಟೊಂದು ಕಪಾಟು ಜೋಡಿಸಿದರೂ ನಾನು ಒಂದು ಥ್ಯಾಂಕ್ಸನ್ನೂ ಕೇಳಿದವಳಲ್ಲ. ಅವರು ನಾನು ಹೊಲಿದ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ, "ಥ್ಯಾಂಕ್ಸ್" ಎಂದರು. ನಾನು ಚಕ್ರವನ್ನು ಅವರ ಮುಂದೆ ಹಿಡಿದು, ಉಳಿದ ದಾರ ತೋರಿಸಿ, ಕತ್ತರಿ ಕೊಟ್ಟೆ. ಕತ್ತರಿ ಒಂದೆರಡು ಸಲ ದಾರದ ಪಕ್ಕಕ್ಕೆ ಹೋಯಿತು. ನಾವೆಲ್ಲ ಕಾದೆವು. ಆಮೇಲೆ ಅವರೇ ಕತ್ತರಿಸಿದರು.